ಖಿನ್ನತೆ, ನೆನಪು, ಮುಪ್ಪು: ಮಿದುಳಿನ ಸಂಶೋಧನೆಯಲ್ಲಿ ಹೆಣ್ಣು-ಗಂಡಿನ ಲೆಕ್ಕ

ನೆನಪು ಕೈಕೊಡುತ್ತಿದೆ ಎಂದು ವೈದ್ಯರ ಬಳಿ ಹೋದವರಿಗೆ ಮಾಡುವ ಪರೀಕ್ಷೆಗಳಲ್ಲಿ ಒಂದು ನೋಡುವುದಕ್ಕೆ ತೀರ ಸರಳವಾಗಿದೆ. ಒಂದಕ್ಕೊಂದು ಸಂಬಂಧವಿಲ್ಲದ 15 ಪದಗಳನ್ನು ಪರೀಕ್ಷಕರು ನಿಧಾನವಾಗಿ, ಒಂದೊಂದಾಗಿ ಓದುತ್ತಾರೆ. ಎದುರಿಗೆ ಕುಳಿತವರು ನೆನಪಿದ್ದಷ್ಟನ್ನು ಯಾವ ಕ್ರಮದಲ್ಲಾದರೂ ಹೇಳಬೇಕು. ಅದೇ ಪಟ್ಟಿಯನ್ನು ಐದು ಸಲ ಓದಿ ಐದು ಸಲವೂ ಹೇಳಿಸಿದ ಮೇಲೆ, ಮತ್ತೊಂದು ಪಟ್ಟಿಯನ್ನು ಕೊಟ್ಟು ಗಮನವನ್ನು ಬೇರೆಡೆಗೆ ಎಳೆದು, ಸುಮಾರು ಅರ್ಧ ಗಂಟೆ ಕಳೆದ ನಂತರ ಮೊದಲ ಪಟ್ಟಿಯಲ್ಲಿ ಏನೇನಿತ್ತು ಎಂದು ಮತ್ತೆ ಕೇಳುತ್ತಾರೆ. ಆಗ ಬಾಯಿಗೆ ಬಂದ ಪದಗಳ ಸಂಖ್ಯೆ ಒಂದು ಗೆರೆಗಿಂತ ಮೇಲಿದ್ದರೆ ವಯಸ್ಸಿಗೆ ಸಹಜವಾದ ಮರೆವು ಎಂದೂ ಕೆಳಗಿದ್ದರೆ ಇನ್ನಷ್ಟು ತಪಾಸಣೆ ಬೇಕೆಂದೂ ತೀರ್ಮಾನವಾಗುತ್ತದೆ.

ಎಪ್ಪತ್ತರ ಆಸುಪಾಸಿನ ಒಬ್ಬ ಮಹಿಳೆಯೂ ಒಬ್ಬ ಪುರುಷನೂ ಈ ಪರೀಕ್ಷೆಯಲ್ಲಿ ಸರಿಸಮನಾಗಿ ಪದಗಳನ್ನು ಹೇಳಿದರು ಎಂದಿಟ್ಟುಕೊಳ್ಳೋಣ. ಇಬ್ಬರ ವಯಸ್ಸೂ ಓದೂ ಒಂದೇ ಆಗಿದ್ದರೆ ಇಬ್ಬರ ಮಿದುಳಿನ ಸ್ಥಿತಿಯೂ ಒಂದೇ ಎನ್ನಬಹುದೇ? ಹಾಗೆನ್ನಲು ಬರುವುದಿಲ್ಲ. ಪದಗಳನ್ನು ನೆನಪಿಡುವುದರಲ್ಲಿ ಹೆಂಗಸರು ಸರಾಸರಿಯಲ್ಲಿ ಗಂಡಸರಿಗಿಂತ ತುಸು ಮುಂದಿರುತ್ತಾರೆ. ಇದು ಊಹೆಯ ಮಾತಲ್ಲ: 617 ಅಧ್ಯಯನಗಳಲ್ಲಿ ಪಾಲ್ಗೊಂಡ 12 ಲಕ್ಷಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ ಪದ, ಮುಖ, ವಾಸನೆಗಳ ನೆನಪಿನಲ್ಲಿ ಹೆಂಗಸರೂ, ನಡೆದುಬಂದ ದಾರಿಯ ನೆನಪಿನಲ್ಲಿ ಗಂಡಸರೂ ಸ್ವಲ್ಪ ಮೇಲುಗೈ ತೋರಿದ್ದರು. ವ್ಯತ್ಯಾಸ ಚಿಕ್ಕದು, ಯಾರೋ ಇಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು ಇವರಲ್ಲಿ ಯಾರ ನೆನಪು ಚುರುಕು ಎಂದು ಹೇಳಲು ಅದು ಸಾಲದು. ಆದರೆ ರೋಗವನ್ನು ಗುರುತಿಸುವ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆ ಬಂದಾಗ ಆ ಚಿಕ್ಕ ವ್ಯತ್ಯಾಸವೇ ಭಾರವಾಗಿ ಕೂರುತ್ತದೆ. ಒಂದು ಮೆಟ್ಟಿಲು ಮೇಲಿದ್ದವಳೂ ಒಂದು ಮೆಟ್ಟಿಲು ಕೆಳಗಿದ್ದವನೂ ಈಗ ಒಂದೇ ಮೆಟ್ಟಿಲಿನ ಮೇಲೆ ಕಂಡರೆ, ಹೆಚ್ಚು ಇಳಿದು ಬಂದವಳು ಅವಳೇ.

ಅಮೆರಿಕದ ಸಂಶೋಧಕಿ ಎರಿನ್ ಸುಂಡರ್ಮನ್ ಮತ್ತು ಅವರ ಸಂಗಡಿಗರ ಅಧ್ಯಯನಗಳಲ್ಲಿ ಕಂಡದ್ದು ಇದೇ. ಅಲ್ಝೈಮರ್ ಕಾಯಿಲೆಯ ಮೊದಲ ಹಂತದಲ್ಲಿ, ಮಿದುಳಿನಲ್ಲಿ ಆಗಿರುವ ಹಾನಿ ಇಬ್ಬರಲ್ಲಿಯೂ ಒಂದೇ ಮಟ್ಟದಲ್ಲಿದ್ದರೂ ಹೆಂಗಸರು ಪದಗಳ ಪರೀಕ್ಷೆಯಲ್ಲಿ ಗಂಡಸರಿಗಿಂತ ಚೆನ್ನಾಗಿ ಉತ್ತರಿಸುತ್ತಾರೆ. ಮೇಲ್ನೋಟಕ್ಕೆ ಇದು ವರವೆನ್ನಿಸುತ್ತದೆ. ಆದರೆ ಆ ವರವೇ ರೋಗವನ್ನು ಮುಚ್ಚಿಡುತ್ತದೆ, ರೋಗನಿರ್ಣಯವನ್ನು ತಡವಾಗಿಸುತ್ತದೆ. ಹಾನಿ ಒಂದು ಹಂತವನ್ನು ದಾಟಿದ ಮೇಲೆ ಹೆಂಗಸರ ನೆನಪು ಕಡಿದಾದ ಇಳಿಜಾರಿನಲ್ಲಿ ಇಳಿಯುತ್ತದೆ. ಹೆಣ್ಣಿಗೂ ಗಂಡಿಗೂ ಬೇರೆ ಬೇರೆ ಗೆರೆಗಳನ್ನು ಇಟ್ಟುಕೊಂಡು 2019ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಇಬ್ಬರಿಗೂ ಒಂದೇ ಗೆರೆ ಇದ್ದಾಗ ಸರಿಸುಮಾರು ಶೇ 10ರಷ್ಟು ಹೆಂಗಸರಲ್ಲಿ ಇದ್ದ ತೊಂದರೆ ಕಣ್ತಪ್ಪಿಹೋಗಿತ್ತು, ಅಷ್ಟೇ ಪ್ರಮಾಣದ ಗಂಡಸರಿಗೆ ಇಲ್ಲದ ತೊಂದರೆಯನ್ನು ಅಂಟಿಸಲಾಗಿತ್ತು. ಸಾಮಾನ್ಯ ಗೆರೆಯೊಂದು ಇಬ್ಬರಿಗೂ ಅನ್ಯಾಯ ಮಾಡಿತ್ತು ಎಂಬುದನ್ನು ಗಮನಿಸಬೇಕು.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು, ಏಕೆಂದರೆ ಈ ವಿಷಯವನ್ನು ಎತ್ತಿದ ಕೂಡಲೇ ಹೆಣ್ಣಿನ ಮಿದುಳು ಒಂದು ಬಗೆ, ಗಂಡಿನ ಮಿದುಳು ಇನ್ನೊಂದು ಬಗೆ ಎಂಬ ಹಳೆಯ ವಾದ ತಲೆಯೆತ್ತುತ್ತದೆ. ಗಂಡಸರ ಮಿದುಳು ಗಾತ್ರದಲ್ಲಿ ಸುಮಾರು ಶೇ 10ರಷ್ಟು ದೊಡ್ಡದಿರುವುದು ನಿಜ, ದೇಹವೂ ದೊಡ್ಡದೇ. ಆ ಗಾತ್ರದ ಅಂತರವನ್ನು ಲೆಕ್ಕದಿಂದ ತೆಗೆದರೆ ಮಿದುಳಿನ ಭಾಗಗಳ ನಡುವೆ ಉಳಿಯುವ ವ್ಯತ್ಯಾಸ ತೀರ ಅಲ್ಪ. ನರವಿಜ್ಞಾನಿ ದಾಫ್ನಾ ಜೋಯೆಲ್ ಮತ್ತು ಸಂಗಡಿಗರು 2015ರಲ್ಲಿ 1,400ಕ್ಕೂ ಹೆಚ್ಚು ಮಿದುಳುಗಳ ಎಂಆರ್‌ಐ ಚಿತ್ರಗಳನ್ನು ಪರಿಶೀಲಿಸಿದಾಗ, ಪೂರ್ತಿಯಾಗಿ ಹೆಣ್ಣಿನ ಲಕ್ಷಣಗಳೇ ಅಥವಾ ಪೂರ್ತಿಯಾಗಿ ಗಂಡಿನ ಲಕ್ಷಣಗಳೇ ಇದ್ದ ಮಿದುಳುಗಳು ಸಿಕ್ಕಿದ್ದು ಅಪರೂಪಕ್ಕೆ. ಹೆಚ್ಚಿನವು ಎರಡರ ಮಿಶ್ರಣವಾಗಿದ್ದವು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎಂಥ ಮಿದುಳು ಯಾರದ್ದು ಎಂಬುದಲ್ಲ, ಒಂದೇ ಕಾಯಿಲೆ ಹೆಣ್ಣಿನ ದೇಹದಲ್ಲಿ ಮತ್ತು ಗಂಡಿನ ದೇಹದಲ್ಲಿ ಯಾವ ದಾರಿ ಹಿಡಿದು ಬರುತ್ತದೆ ಎಂಬುದು. ಇಲ್ಲಿ ವರ್ಣತಂತು, ಹಾರ್ಮೋನುಗಳಂಥ ಜೈವಿಕ ಸಂಗತಿಗಳ ಜೊತೆಗೆ ಓದು, ದುಡಿಮೆ, ಆರೈಕೆಯ ಹೊರೆ, ಹಿಂಸೆಯ ಭಯ ಇವೂ ಸೇರಿಕೊಂಡಿರುತ್ತವೆ. ಒಂದನ್ನು ಇನ್ನೊಂದರಿಂದ ಬಿಡಿಸಿ ನೋಡುವುದು ಸುಲಭವಲ್ಲ.

ಖಿನ್ನತೆಯನ್ನೇ ತೆಗೆದುಕೊಳ್ಳೋಣ. ಖಿನ್ನತೆಯೆಂದು ವೈದ್ಯರು ಗುರುತಿಸಿದವರಲ್ಲಿ ಹೆಂಗಸರ ಸಂಖ್ಯೆ ಗಂಡಸರ ಸಂಖ್ಯೆಯ ಹತ್ತಿರ ಹತ್ತಿರ ಎರಡರಷ್ಟಿದೆ. ಈ ಅಂತರ ಹುಟ್ಟಿನಿಂದ ಬಂದದ್ದಲ್ಲ. ಚಿಕ್ಕ ಹುಡುಗ ಹುಡುಗಿಯರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹನ್ನೆರಡು ವರ್ಷದ ಹೊತ್ತಿಗೆ ಅದು ಎದ್ದು ಕಾಣುತ್ತದೆ, 13ರಿಂದ 15 ವರ್ಷಗಳ ನಡುವೆ ಅತಿ ಹೆಚ್ಚಾಗುತ್ತದೆ, ಆಮೇಲೆ ಸ್ವಲ್ಪ ಇಳಿದು ಬಹುಕಾಲ ಹಾಗೆಯೇ ನಿಲ್ಲುತ್ತದೆ. ಹೆರಿಗೆಯ ನಂತರದ ತಿಂಗಳುಗಳು ಮತ್ತು ಮುಟ್ಟು ನಿಲ್ಲುವ ಮುಂಚಿನ ಏರುಪೇರಿನ ವರ್ಷಗಳು ಹೆಂಗಸರಿಗೆ ಮತ್ತೆ ಅಪಾಯದ ಕಾಲಗಳಾಗುತ್ತವೆ. ಈ ಮೂರೂ ಘಟ್ಟಗಳು ಹಾರ್ಮೋನುಗಳು ತೀವ್ರವಾಗಿ ಏರಿಳಿಯುವ ಹೊತ್ತುಗಳೇ ಆಗಿರುವುದರಿಂದ, ಈಸ್ಟ್ರೋಜನ್ ಕಡಿಮೆಯಾದರೆ ಖಿನ್ನತೆ ಬರುತ್ತದೆ ಎಂದು ಸರಳವಾಗಿ ಹೇಳಿಬಿಡುವ ಆಸೆಯಾಗುತ್ತದೆ. ವಿಷಯ ಅಷ್ಟು ಸರಳವಾಗಿಲ್ಲ ಎಂಬುದಕ್ಕೆ 2000ದಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗ ಸಾಕ್ಷಿ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ನಡೆದ ಆ ಪ್ರಯೋಗದಲ್ಲಿ ಇದ್ದದ್ದು 16 ಮಹಿಳೆಯರು ಮಾತ್ರ: ಹಿಂದೆ ಹೆರಿಗೆಯ ನಂತರ ಖಿನ್ನತೆಯನ್ನು ಅನುಭವಿಸಿದ್ದ 8 ಮಂದಿ, ಅನುಭವಿಸದ 8 ಮಂದಿ. ಮೊದಲು ಔಷಧಿ ಕೊಟ್ಟು ಅವರ ಅಂಡಾಶಯದ ಹಾರ್ಮೋನುಗಳನ್ನು ತಡೆಹಿಡಿಯಲಾಯಿತು. ಆಮೇಲೆ ಗರ್ಭಿಣಿಯ ದೇಹದಲ್ಲಿ ಆಗುವಂತೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿರೋನ್‌ಗಳ ಮಟ್ಟವನ್ನು ಎಂಟು ವಾರ ಏರಿಸಲಾಯಿತು. ಕೊನೆಗೆ, ಯಾವಾಗ ಎಂದು ಅವರಿಗೆ ತಿಳಿಯದಂತೆ, ಅವುಗಳನ್ನು ಹಠಾತ್ತಾಗಿ ನಿಲ್ಲಿಸಲಾಯಿತು. ಅಂದರೆ ಮಗುವಿಲ್ಲದೆ, ನಿದ್ದೆಗೆಟ್ಟ ರಾತ್ರಿಗಳಿಲ್ಲದೆ, ಹೆರಿಗೆಯ ಹಾರ್ಮೋನು ಕುಸಿತವೊಂದನ್ನೇ ಪ್ರತ್ಯೇಕಿಸಿ ನೋಡುವ ವ್ಯವಸ್ಥೆ ಅದು. ಹಿಂದೆ ಖಿನ್ನತೆ ಬಂದಿದ್ದ 8 ಮಂದಿಯಲ್ಲಿ 5 ಮಂದಿಯ ಮನಸ್ಸು ಮತ್ತೆ ಕುಗ್ಗಿತು. ಉಳಿದ 8 ಮಂದಿಯಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಎರಡೂ ಗುಂಪುಗಳಲ್ಲಿ ಹಾರ್ಮೋನುಗಳನ್ನು ಏರಿಸಿ ಇಳಿಸಿದ ಕ್ರಮ ಒಂದೇ; ಆ ಇಳಿತಕ್ಕೆ ಮಿದುಳು ಸ್ಪಂದಿಸಿದ ರೀತಿ ಮಾತ್ರ ಬೇರೆ. ಬಾಣಂತಿಯ ಕಣ್ಣೀರನ್ನು ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕುವವರು ಈ ಪ್ರಯೋಗವನ್ನು ಒಮ್ಮೆಯಾದರೂ ಓದಬೇಕೆಂದು ನನಗೆ ಅನ್ನಿಸುತ್ತದೆ. ಪ್ರೊಜೆಸ್ಟಿರೋನ್‌ನಿಂದ ದೇಹದಲ್ಲಿ ತಯಾರಾಗುವ ಅಲೊಪ್ರೆಗ್ನನೊಲೋನ್ ಎಂಬ ವಸ್ತು ಮಿದುಳಿನ ಉದ್ರೇಕವನ್ನು ತಣಿಸುವ ವ್ಯವಸ್ಥೆಗೆ ಬಲ ಕೊಡುತ್ತದೆ, ಹೆರಿಗೆಯಾದೊಡನೆ ಅದೂ ಕುಸಿಯುತ್ತದೆ ಎಂಬ ತಿಳಿವಳಿಕೆಯಿಂದಲೇ ಹೆರಿಗೆಯ ನಂತರದ ಖಿನ್ನತೆಗಾಗಿ ಬ್ರೆಕ್ಸನೊಲೋನ್ ಎಂಬ ಔಷಧಿ ರೂಪುಗೊಂಡು 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದನ್ನು 60 ಗಂಟೆಗಳ ಕಾಲ ರಕ್ತನಾಳದ ಮೂಲಕ ಕೊಡಬೇಕಾಗಿತ್ತು. 2023ರಲ್ಲಿ ಅದೇ ಬಗೆಯ, 14 ದಿನ ನುಂಗುವ ಜುರನೊಲೋನ್ ಬಂದಿತು.

ಗಂಡಸರ ಕಡೆಯ ಲೆಕ್ಕವೂ ಪೂರ್ಣವಾಗಿಲ್ಲ. ಖಿನ್ನತೆ ಹೆಂಗಸರಲ್ಲಿ ಹೆಚ್ಚು ಎನ್ನುವ ಅದೇ ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸಾಯುವವರಲ್ಲಿ ಗಂಡಸರು ಹೆಂಗಸರ ಸುಮಾರು ಎರಡರಷ್ಟಿದ್ದಾರೆ. ಈ ವಿರೋಧಾಭಾಸಕ್ಕೆ ಒಂದು ಕಾರಣ ನಾವು ಕೇಳುವ ಪ್ರಶ್ನೆಗಳಲ್ಲಿಯೇ ಇರಬಹುದು. ದುಃಖ, ಅಳು, ನಿರಾಸಕ್ತಿಗಳ ಬಗ್ಗೆ ಕೇಳಿದರೆ ಗಂಡಸರು ಇಲ್ಲವೆನ್ನುತ್ತಾರೆ. ಸಿಡುಕು, ಕುಡಿತ, ಜೀವಕ್ಕೆ ಹೆದರದ ದುಡುಕುಗಳ ಬಗ್ಗೆ ಕೇಳಿದರೆ ಹೌದೆನ್ನುತ್ತಾರೆ. 2013ರಲ್ಲಿ ಅಮೆರಿಕದ ಸಮೀಕ್ಷೆಯೊಂದರ ಮಾಹಿತಿಗೆ ಈ ಎರಡೂ ಬಗೆಯ ಲಕ್ಷಣಗಳನ್ನು ಸೇರಿಸಿದ ಅಳತೆಗೋಲನ್ನು ಅನ್ವಯಿಸಿದಾಗ, ಖಿನ್ನತೆಯ ವ್ಯಾಪ್ತಿಗೆ ಬಂದ ಗಂಡಸರು ಶೇ 30.6, ಹೆಂಗಸರು ಶೇ 33.3, ಅಂದರೆ ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು. ಸಿಡುಕನ್ನೂ ಕುಡಿತವನ್ನೂ ಖಿನ್ನತೆಯ ಲಕ್ಷಣವೆಂದೇ ಎಣಿಸುವುದು ಸರಿಯೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಆದರೂ ಸಂಕಟದಲ್ಲಿರುವ ಗಂಡಸು ಅಳದೆ ಇರುವುದನ್ನೇ ಅವನು ನೆಟ್ಟಗಿದ್ದಾನೆ ಎಂಬುದಕ್ಕೆ ಪುರಾವೆಯಾಗಿ ತೆಗೆದುಕೊಳ್ಳುವುದು ಅಪಾಯಕಾರಿ.

ಇನ್ನೂ ಆಳಕ್ಕೆ, ಜೀವಕೋಶದ ಮಟ್ಟಕ್ಕೆ ಇಳಿದಾಗ ಕಂಡದ್ದು ಹೆಚ್ಚು ಬೆರಗಿನದು. ಖಿನ್ನತೆಯಿಂದ ಬಳಲಿ ತೀರಿಕೊಂಡವರ ಮಿದುಳಿನ ಆರು ಭಾಗಗಳಲ್ಲಿ ಯಾವ ಜೀನ್‌ಗಳು ಹೆಚ್ಚು, ಯಾವುವು ಕಡಿಮೆ ಕೆಲಸ ಮಾಡುತ್ತಿದ್ದವು ಎಂಬುದನ್ನು 2017ರಲ್ಲಿ ಒಂದು ತಂಡ ಪರಿಶೀಲಿಸಿತು. ಹೆಂಗಸರಲ್ಲಿ ಬದಲಾಗಿದ್ದ ಜೀನ್‌ಗಳ ಪಟ್ಟಿಯನ್ನೂ ಗಂಡಸರಲ್ಲಿ ಬದಲಾಗಿದ್ದವುಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಎರಡಕ್ಕೂ ಸಮಾನವಾಗಿದ್ದವು ಕೆಲವೇ ಕೆಲವು. ಹೊರಗಿನಿಂದ ಒಂದೇ ಹೆಸರಿನ ಕಾಯಿಲೆ, ಒಳಗೆ ಬಹುಮಟ್ಟಿಗೆ ಬೇರೆಯದೇ ಬದಲಾವಣೆಗಳು. ಇಬ್ಬರ ಅಂಕಿಗಳನ್ನೂ ಕೂಡಿಸಿ ಸರಾಸರಿ ತೆಗೆದಿದ್ದರೆ ಇವೆರಡೂ ಒಂದನ್ನೊಂದು ಮಸುಕುಗೊಳಿಸಿ, ಯಾವುದೂ ಸ್ಪಷ್ಟವಾಗಿ ಕಾಣದೆ ಹೋಗುತ್ತಿತ್ತು.

ಇದು ಇಷ್ಟು ತಡವಾಗಿ ತಿಳಿದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಪ್ರಯೋಗಾಲಯದ ಇಲಿಯ ಪಂಜರದಲ್ಲಿದೆ. 2009ರಲ್ಲಿ ಪ್ರಕಟವಾದ ಪ್ರಾಣಿ ಅಧ್ಯಯನಗಳನ್ನು ಅನೆಲೀಸ್ ಬೀರಿ ಮತ್ತು ಅರ್ವಿಂಗ್ ಝುಕರ್ ಎಣಿಸಿದಾಗ, ನರವಿಜ್ಞಾನದಲ್ಲಿ ಹೆಣ್ಣು ಪ್ರಾಣಿಗಳನ್ನಷ್ಟೇ ಬಳಸಿದ ಒಂದೊಂದು ಅಧ್ಯಯನಕ್ಕೆ ಗಂಡುಗಳನ್ನಷ್ಟೇ ಬಳಸಿದ 5.5 ಅಧ್ಯಯನಗಳಿದ್ದವು. ಹೆಣ್ಣಿಲಿಯ ಹಾರ್ಮೋನುಗಳು ನಾಲ್ಕೈದು ದಿನಗಳಿಗೊಮ್ಮೆ ಏರಿಳಿಯುತ್ತವೆ, ಅದರಿಂದ ಫಲಿತಾಂಶ ಅಸ್ಥಿರವಾಗುತ್ತದೆ, ಗಂಡಾದರೆ ತಲೆನೋವಿಲ್ಲ ಎಂಬುದು ಕೊಡುತ್ತಿದ್ದ ಸಮರ್ಥನೆ. ಆ ಸಮರ್ಥನೆಯೇ ಪೊಳ್ಳಾಗಿತ್ತು: 293 ಲೇಖನಗಳ ಅಂಕಿಗಳನ್ನು 2014ರಲ್ಲಿ ಹೋಲಿಸಿದಾಗ ಹೆಣ್ಣಿಲಿಗಳ ಫಲಿತಾಂಶಗಳಲ್ಲಿನ ಏರುಪೇರು ಗಂಡಿಲಿಗಳದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಅಡಚಣೆಯೆಂದು ಹೊರಗಿಟ್ಟ ಆ ಏರಿಳಿತದಲ್ಲಿಯೇ ಕಲಿಯುವುದಕ್ಕೆ ಎಷ್ಟಿತ್ತೆಂಬುದನ್ನು ಕ್ಯಾಥರೀನ್ ವೂಲಿ, ಎಲಿಜಬೆತ್ ಗೌಲ್ಡ್, ಬ್ರೂಸ್ ಮೆಕ್ಯೂಯೆನ್ ಇವರ ತಂಡ 1990ರಷ್ಟು ಹಿಂದೆಯೇ ತೋರಿಸಿತ್ತು. ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳ ಕವಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗುಲಾಬಿ ಕಡ್ಡಿಯ ಮೇಲಿನ ಮುಳ್ಳುಗಳಂತೆ ಪುಟ್ಟ ಚಾಚುಗಳು ಕಾಣುತ್ತವೆ. ಒಂದು ನರಕೋಶ ಮತ್ತೊಂದರ ಸಂದೇಶವನ್ನು ಪಡೆಯುವ ಜಾಗಗಳವು. ಪ್ರೌಢ ಹೆಣ್ಣಿಲಿಗಳಲ್ಲಿ, ಈಸ್ಟ್ರೋಜನ್ ಏರಿದ ಘಟ್ಟದಲ್ಲಿ ದಟ್ಟವಾಗಿದ್ದ ಈ ಮುಳ್ಳುಗಳು ಒಂದೇ ದಿನದ ಅಂತರದಲ್ಲಿ ಸುಮಾರು ಶೇ 30ರಷ್ಟು ವಿರಳವಾಗುವುದನ್ನು ಅವರು ಕಂಡರು. ಬೆಳೆದ ಪ್ರಾಣಿಯ ಮಿದುಳಿನ ಜೋಡಣೆ ಅಷ್ಟು ಬೇಗ ಬದಲಾಗಬಹುದೆಂದು ಆಗ ಹೆಚ್ಚಿನವರು ಎಣಿಸಿರಲಿಲ್ಲ. ಒತ್ತಡದ ಬಗೆಗಿನ ಪ್ರಯೋಗಗಳೂ ಇಂಥದೇ ಕಥೆಯನ್ನು ಹೇಳುತ್ತವೆ. ಒಂದು ಬಗೆಯ ಕಲಿಕೆ, ಅಂದರೆ ಸದ್ದು ಕೇಳಿದೊಡನೆ ಕಣ್ಣು ಮಿಟುಕಿಸುವುದನ್ನು ಕಲಿಯುವುದು, ಒತ್ತಡಕ್ಕೆ ಸಿಕ್ಕ ಗಂಡಿಲಿಗಳಲ್ಲಿ ಚುರುಕಾದರೆ ಅದೇ ಒತ್ತಡಕ್ಕೆ ಸಿಕ್ಕ ಹೆಣ್ಣಿಲಿಗಳಲ್ಲಿ ಮಂದವಾಗುತ್ತದೆ ಎಂದು ಟ್ರೇಸಿ ಶೋರ್ಸ್ ಅವರ ತಂಡ 1998ರಲ್ಲಿ ವರದಿ ಮಾಡಿತು. ಗಂಡನ್ನಷ್ಟೇ ನೋಡಿದವರು ಒತ್ತಡ ಕಲಿಕೆಗೆ ಒಳ್ಳೆಯದು ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದರು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2016ರಿಂದ, ತಾವು ಹಣ ಕೊಡುವ ಪ್ರಾಣಿ ಪ್ರಯೋಗಗಳಲ್ಲಿಯೂ ಹೆಣ್ಣು ಗಂಡು ಎರಡನ್ನೂ ಪರಿಗಣಿಸಬೇಕು, ಪರಿಗಣಿಸದಿದ್ದರೆ ಬಲವಾದ ಕಾರಣ ಕೊಡಬೇಕು ಎಂಬ ನಿಯಮ ತಂದವು. ಪರಿಣಾಮ ಆಗಿದೆ, ಆದರೆ ಅರ್ಧಮರ್ಧ. ಲೀಸಾ ಗೇಲಿಯಾ ಅವರ ತಂಡ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ನರವಿಜ್ಞಾನ ಮತ್ತು ಮನೋವೈದ್ಯಕೀಯ ಪತ್ರಿಕೆಗಳಲ್ಲಿ 2009ಕ್ಕೆ ಹೋಲಿಸಿದರೆ 2019ರಲ್ಲಿ ಎರಡನ್ನೂ ಬಳಸಿದ ಅಧ್ಯಯನಗಳು ಹೆಚ್ಚಿದ್ದರೂ, ವ್ಯತ್ಯಾಸವನ್ನು ಕಂಡುಹಿಡಿಯಲು ತಕ್ಕ ರೀತಿಯಲ್ಲಿ ರೂಪಿಸಿದವು ಶೇ 19 ಮಾತ್ರ. ವ್ಯತ್ಯಾಸವನ್ನೇ ಒಂದು ಶೋಧನೆಯ ವಿಷಯವಾಗಿ ವಿಶ್ಲೇಷಿಸಿದವು ಶೇ 5. ಹೆಣ್ಣನ್ನು ಪ್ರಯೋಗಕ್ಕೆ ಸೇರಿಸಿಕೊಂಡು, ಆಮೇಲೆ ಅಂಕಿಗಳನ್ನು ಗಂಡಿನದರ ಜೊತೆ ಕಲಸಿಬಿಟ್ಟರೆ ಸೇರಿಸಿಕೊಂಡ ಪ್ರಯೋಜನವೇ ಇಲ್ಲವಾಗುತ್ತದೆ. ಇದು ನನಗೆ ಈ ಕ್ಷೇತ್ರದ ಅತ್ಯಂತ ಬೇಸರದ ಸಂಗತಿ.

ಇನ್ನು ಮುಪ್ಪಿನ ವಿಷಯ. ಇಲ್ಲಿ ಕಣ್ಣಿಗೆ ಬೀಳುವ ಮೊದಲ ಸಂಗತಿಯೇ ಒಗಟಿನಂತಿದೆ. ಅಮೆರಿಕದಲ್ಲಿ ಅಲ್ಝೈಮರ್ ಕಾಯಿಲೆ ಇರುವವರಲ್ಲಿ ಸುಮಾರು ಮೂರನೇ ಎರಡು ಭಾಗ ಹೆಂಗಸರು. ಹಾಗಾದರೆ ಹೆಂಗಸರ ಮಿದುಳು ಬೇಗ ಮುಪ್ಪಾಗುತ್ತದೆಯೇ? ಅಳತೆ ಮಾಡಿ ನೋಡಿದವರಿಗೆ ಸಿಕ್ಕ ಉತ್ತರ ಇದಕ್ಕೆ ವಿರುದ್ಧ. 20ರಿಂದ 82 ವರ್ಷದ 205 ಮಂದಿಯ ಮಿದುಳು ಸಕ್ಕರೆಯನ್ನೂ ಆಮ್ಲಜನಕವನ್ನೂ ಬಳಸುವ ಬಗೆಯನ್ನು ಪೆಟ್ ಸ್ಕ್ಯಾನ್‌ಗಳಲ್ಲಿ ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡಸರ ಮಾಹಿತಿಯಿಂದ ತರಬೇತಿ ಪಡೆದ ಗಣಕ ಕ್ರಮವಿಧಿ ಹೆಂಗಸರ ಮಿದುಳುಗಳನ್ನು ಅವರ ನಿಜ ವಯಸ್ಸಿಗಿಂತ ಸರಾಸರಿ 3.8 ವರ್ಷ ಎಳೆಯವೆಂದು ಅಂದಾಜಿಸಿತು. 2025ರಲ್ಲಿ ಬಂದ ಇನ್ನೊಂದು ಅಧ್ಯಯನ 4,700ಕ್ಕೂ ಹೆಚ್ಚು ಆರೋಗ್ಯವಂತರ 12,000ಕ್ಕೂ ಹೆಚ್ಚು ಎಂಆರ್‌ಐ ಚಿತ್ರಗಳನ್ನು, ಒಬ್ಬೊಬ್ಬರದನ್ನೂ ಕನಿಷ್ಠ ಎರಡು ಸಲ ತೆಗೆದು, ಹೋಲಿಸಿತು. ವಯಸ್ಸಾಗುತ್ತ ಹೆಚ್ಚು ಭಾಗಗಳಲ್ಲಿ ಕುಗ್ಗಿದ್ದು ಗಂಡಸರ ಮಿದುಳು.

ಒಗಟಿನ ದೊಡ್ಡ ಪಾಲಿಗೆ ಉತ್ತರ ಆಯುಷ್ಯ. ವಯಸ್ಸು ಅಲ್ಝೈಮರ್‌ನ ಅತಿದೊಡ್ಡ ಅಪಾಯ. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ. ನಡುವಯಸ್ಸಿನಲ್ಲಿ ಹೃದ್ರೋಗಕ್ಕೆ ಬಲಿಯಾಗದೆ ಎಂಬತ್ತನ್ನು ಮುಟ್ಟಿದ ಗಂಡಸರು ಸಾಮಾನ್ಯವಾಗಿ ಗಟ್ಟಿ ರಕ್ತನಾಳಗಳವರು, ಆದ್ದರಿಂದ ಆ ವಯಸ್ಸಿನ ಹೋಲಿಕೆಯಲ್ಲಿ ಗಂಡಸರ ಗುಂಪು ಮೊದಲೇ ಸೋಸಿಹೋದ ಗುಂಪು. ಓದಿನ ಪಾತ್ರವೂ ಇದೆ. ಶಾಲೆಗೆ ಹೋಗುವ ಅವಕಾಶ ಕಡಿಮೆಯಿದ್ದ ತಲೆಮಾರಿನ ಹೆಂಗಸರು ಮುಪ್ಪಿನಲ್ಲಿ ಅದರ ಬೆಲೆ ತೆರುತ್ತಿದ್ದಾರೆ. ಯುರೋಪಿನ 13 ದೇಶಗಳ ಮಾಹಿತಿಯ ಮೇಲೆ 2014ರಲ್ಲಿ ಬಂದ ಅಧ್ಯಯನ, ಬದುಕಿನ ಸ್ಥಿತಿ ಸುಧಾರಿಸಿದಂತೆ ಮತ್ತು ಓದಿನ ಅವಕಾಶ ಬೆಳೆದಂತೆ ಹೆಂಗಸರ ನೆನಪಿನ ಮೇಲುಗೈ ಹೆಚ್ಚಿದ್ದನ್ನೂ ಗಣಿತದ ಲೆಕ್ಕಗಳಲ್ಲಿ ಅವರ ಹಿನ್ನಡೆ ಕುಗ್ಗಿದ್ದನ್ನೂ ತೋರಿಸಿತು. ಜೀವವಿಜ್ಞಾನಕ್ಕೆ ಉಳಿಯುವ ಪಾಲೂ ಸಣ್ಣದಲ್ಲ. ಎಪಿಒಇ-4 ಎಂಬ ಜೀನ್ ರೂಪ ಅಲ್ಝೈಮರ್ ಅಪಾಯವನ್ನು ಇಬ್ಬರಲ್ಲೂ ಏರಿಸುತ್ತದಾದರೂ, ಸುಮಾರು 58,000 ಜನರ ಮಾಹಿತಿಯನ್ನು 2017ರಲ್ಲಿ ವಿಶ್ಲೇಷಿಸಿದಾಗ, 65ರಿಂದ 75ರ ವಯಸ್ಸಿನಲ್ಲಿ ಅದರ ಒಂದು ಪ್ರತಿ ಹೊಂದಿದ್ದ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು ಅಪಾಯವಿತ್ತು.

ಮುಟ್ಟು ನಿಲ್ಲುವ ವಯಸ್ಸಿನ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಸಹಜವಾಗಿ ಮುಟ್ಟು ನಿಲ್ಲುವ ಮೊದಲೇ ಶಸ್ತ್ರಚಿಕಿತ್ಸೆಯಿಂದ ಅಂಡಾಶಯಗಳನ್ನು ತೆಗೆಸಿಕೊಂಡ ಹೆಂಗಸರಲ್ಲಿ ಮುಂದೆ ಮರೆಗುಳಿತನದ (ಡಿಮೆನ್ಶಿಯಾ) ಅಪಾಯ ಹೆಚ್ಚು, ತೆಗೆಸಿಕೊಂಡ ವಯಸ್ಸು ಎಷ್ಟು ಕಡಿಮೆಯೋ ಅಪಾಯ ಅಷ್ಟು ಹೆಚ್ಚು ಎಂದು ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯ 2007ರ ಅಧ್ಯಯನ ಕಂಡುಕೊಂಡಿತು. ಹಾಗೆಂದು ಹಾರ್ಮೋನುಗಳನ್ನು ಮಾತ್ರೆಯಲ್ಲಿ ಕೊಟ್ಟರೆ ಸಮಸ್ಯೆ ಮುಗಿಯಲಿಲ್ಲ. 65 ದಾಟಿದ 4,532 ಹೆಂಗಸರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್‌ಗಳನ್ನು (ಪ್ರೊಜೆಸ್ಟಿರೋನ್‌ನಂತೆ ಕೆಲಸ ಮಾಡುವ ಔಷಧಿ) ಪರೀಕ್ಷಿಸಿದ ಅಮೆರಿಕದ ಪ್ರಯೋಗದ ಫಲಿತಾಂಶ 2003ರಲ್ಲಿ ಬಂದಾಗ, ಹಾರ್ಮೋನು ಪಡೆದವರಲ್ಲಿ 40 ಮಂದಿಗೂ ಹುಸಿಮಾತ್ರೆ ಪಡೆದವರಲ್ಲಿ 21 ಮಂದಿಗೂ ಡಿಮೆನ್ಶಿಯಾ ಬಂದಿತ್ತು. ಕಾಪಾಡುತ್ತದೆಂದು ನಂಬಿದ್ದ ಮಾತ್ರೆ ಅಪಾಯವನ್ನು ಇಮ್ಮಡಿಗೊಳಿಸಿತ್ತು. ಮುಟ್ಟು ನಿಂತ ಹೊಸತರಲ್ಲಿಯೇ ಆರಂಭಿಸಿದ ನಂತರದ ಪ್ರಯೋಗಗಳಲ್ಲಿ ಈ ಹಾನಿ ಕಾಣಲಿಲ್ಲ. ಆದರೆ ನೆನಪಿಗೆ ಲಾಭವೂ ಕಾಣಲಿಲ್ಲ. ಮೈ ಬಿಸಿಯೇರುವಿಕೆ, ನಿದ್ರಾಭಂಗಗಳಿಗೆ ವೈದ್ಯರ ಸಲಹೆಯಂತೆ ಹಾರ್ಮೋನು ಪಡೆಯುವುದು ಒಂದು ವಿಷಯ, ಮರೆವು ಬಾರದಿರಲೆಂದು ಪಡೆಯುವುದು ಬೇರೆಯೇ ವಿಷಯ.

ಖಿನ್ನತೆ ಮತ್ತು ಮರೆಗುಳಿತನ ಎರಡು ದೂರದ ಕಾಯಿಲೆಗಳೂ ಅಲ್ಲ. ಡಿಮೆನ್ಶಿಯಾವನ್ನು ತಡೆಯುವ ಬಗ್ಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಬದಲಾಯಿಸಲು ಸಾಧ್ಯವಿರುವ 14 ಅಪಾಯಗಳಲ್ಲಿ ಖಿನ್ನತೆಯೂ ಕಡಿಮೆ ಓದೂ ಸೇರಿವೆ. ಕೆಲವರಲ್ಲಿ ಖಿನ್ನತೆ ಮುಂದಿನ ಮರೆವಿಗೆ ದಾರಿ ಮಾಡಿಕೊಡಬಹುದು, ಇನ್ನು ಕೆಲವರಲ್ಲಿ ಅದು ಆಗಲೇ ಶುರುವಾದ ಮಿದುಳಿನ ಕಾಯಿಲೆಯ ಮೊದಲ ಮುಖವಾಗಿರಬಹುದು. ಆದ್ದರಿಂದ ಎಪ್ಪತ್ತರಲ್ಲಿ ಮೊದಲ ಬಾರಿಗೆ ಮಂಕಾದ ತಾಯಿಯನ್ನೋ ತಂದೆಯನ್ನೋ ಕರೆದೊಯ್ಯುವವರು ಮನಸ್ಸಿನ ಜೊತೆಗೆ ನೆನಪನ್ನೂ ಪರೀಕ್ಷಿಸಿ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು. ತಾಯಿಯಾದರೆ ಮುಟ್ಟು ನಿಂತ ವಯಸ್ಸು, ಅಂಡಾಶಯದ ಶಸ್ತ್ರಚಿಕಿತ್ಸೆ, ಬಾಣಂತನದಲ್ಲಿ ಬಂದಿದ್ದ ಖಿನ್ನತೆ ಇವುಗಳನ್ನೂ ತಪ್ಪದೆ ಹೇಳಬೇಕು.

ಔಷಧಿಗಳ ವಿಷಯದಲ್ಲಿ ಈ ಲೆಕ್ಕ ಎಷ್ಟು ಬಾಕಿಯಿದೆ ಎಂಬುದಕ್ಕೆ ಅಲ್ಝೈಮರ್‌ಗೆ ಬಂದ ಹೊಸ ಔಷಧಿ ಲೆಕನೆಮ್ಯಾಬ್‌ನ ಪ್ರಯೋಗವನ್ನೇ ನೋಡಬಹುದು. 1,795 ರೋಗಿಗಳನ್ನು 18 ತಿಂಗಳು ಅನುಸರಿಸಿದ ಆ ಪ್ರಯೋಗದಲ್ಲಿ ಔಷಧಿಯು ಕಾಯಿಲೆ ಮುಂದುವರಿಯುವುದನ್ನು ಒಟ್ಟಾರೆ ಶೇ 27ರಷ್ಟು ನಿಧಾನಗೊಳಿಸಿತು ಎಂಬುದು ಜಗತ್ತಿನಾದ್ಯಂತ ಸುದ್ದಿಯಾಯಿತು. ವಿವರದ ಕೋಷ್ಟಕದಲ್ಲಿ ಅದೇ ಸಂಖ್ಯೆ ಗಂಡಸರಿಗೆ ಶೇ 43, ಹೆಂಗಸರಿಗೆ ಶೇ 12 ಎಂದಿತ್ತು. ಈ ಅಂತರ ಔಷಧಿಯ ಗುಣದಿಂದ ಬಂದದ್ದೋ, ಹೆಂಗಸರಲ್ಲಿ ಕಾಯಿಲೆ ಮುಂದುವರಿದ ಹಂತದಲ್ಲಿ ಪತ್ತೆಯಾಗುವುದರಿಂದ ಬಂದದ್ದೋ, ಬರೀ ಆಕಸ್ಮಿಕವೋ ಎಂದು ತೀರ್ಮಾನಿಸಲು ಆ ಪ್ರಯೋಗದಿಂದ ಸಾಧ್ಯವಿಲ್ಲ, ಏಕೆಂದರೆ ಆ ಪ್ರಶ್ನೆಗೆ ಉತ್ತರ ಹುಡುಕುವಂತೆ ಅದನ್ನು ರೂಪಿಸಿಯೇ ಇರಲಿಲ್ಲ.